ಕೊಕ್ಕೆಯಲ್ಲಿ ಇಲ್ಲದ ಬಿಲ್ಲೆ

ಮಾರ್ಚ್ 3, ಸೋಮವಾರ. ಬೆಳಗ್ಗೆ 7

ಮೆಟ್ಟಿಲಿಳಿದು ಒಂದು ಸುತ್ತು ಹಾಕಿ ಬಂದೆ. ಕಿಟಕಿ ತೆರೆಸಿದ್ದಾಯಿತು. ಯಂತ್ರಗಳಿಗೆ ಎಣ್ಣೆ ಬಿದ್ದಿದೆ. ಕತ್ತರಿಸುವ ಮೇಜಿನ ಕೆಳಗೆ ಶನಿವಾರದ ಚರ್ಮದ ಚೂರು ಹಾಗೇ ಇತ್ತು — ಮೇಸ್ತ್ರಿಗೆ ಬೈದೆ. ನಕ್ಕ. ಮೂವತ್ತು ವರ್ಷ ಬೈಸಿಕೊಂಡು ಅವನ ಚರ್ಮ ನಾವು ಹೊಲಿಯುವುದಕ್ಕಿಂತ ದಪ್ಪವಾಗಿದೆ.

ಒಂದು ವಿಷಯ ಬರೆದಿಡಬೇಕು. ತಲೆಯಿಂದ ಹೋಗುತ್ತಿಲ್ಲ.

ಎಡದ ಸಾಲಿನಲ್ಲಿ ಇಪ್ಪತ್ತೊಂದು ಯಂತ್ರ, ಬಲದ ಸಾಲಿನಲ್ಲಿ ಇಪ್ಪತ್ತೊಂದು. ಎಡದ ಸಾಲಿನವರು ಎಡದ ಕೈಗವಸು ಮಾತ್ರ ಹೊಲಿಯುತ್ತಾರೆ, ಬಲದವರು ಬಲದ್ದು ಮಾತ್ರ. ನಾನೇ ಹಾಕಿದ ಪದ್ಧತಿ. ಒಂದನ್ನೇ ಹೊಲಿದರೆ ಕೈ ಪಳಗುತ್ತದೆ. ಸಂಜೆ ಜೋಡಿ ಕಟ್ಟುತ್ತಾರೆ. ಜೋಡಿ ಸಿಗದೆ ಉಳಿದದ್ದು ಒಂಟಿ ಬುಟ್ಟಿಗೆ. ಆ ಬುಟ್ಟಿ ಖಾಲಿ ಇರಬೇಕು. ಈ ಗೇಟಿನ ಮರ್ಯಾದೆ ಅದು.

ಗುಬ್ಬಿ ತೀರಿಹೋಗಿ ಒಂಬತ್ತು ದಿನ. ಎಡದ ಸಾಲಿನಲ್ಲಿ ಅವಳು ಕೂರುತ್ತಿದ್ದ ಏಳನೇ ಕುರ್ಚಿ ಖಾಲಿ. ಅಲ್ಲಿಗೆ ಬೇರೆಯವರನ್ನು ಕೂರಿಸು ಎಂದು ಹೇಳಲು ನನಗೆ ಬಾಯಿ ಬಂದಿಲ್ಲ. ಅಂದಮೇಲೆ ದಿನಕ್ಕೆ ನಲವತ್ತು ಎಡದ ಕೈಗವಸು ಕಡಿಮೆ ಬೀಳಬೇಕು. ನಲವತ್ತು ಬಲದ್ದು ಒಂಟಿ ಉಳಿಯಬೇಕು.

ಶನಿವಾರ ಸಂಜೆ ಬುಟ್ಟಿ ನೋಡಿದೆ. ಖಾಲಿ. ಶುಕ್ರವಾರವೂ ಖಾಲಿಯಂತೆ.

"ಇದು ಹೇಗೋ?" ಅಂದೆ ಮೇಸ್ತ್ರಿಗೆ.

"ಸರಿ ಬಂದ್ರೂ ಬೈತೀರಲ್ಲಮ್ಮ," ಅಂದ.

ಮುಖ ತಿರುಗಿಸಿಕೊಂಡು ಅಂದ.

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 1-40

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಒಂದಕ್ಕೆ ಸೈರನ್. ದೀಪ ಆರಿಸುತ್ತಾರೆ, ಎಲ್ಲರೂ ಹಿಂದಿನ ಶೆಡ್ಡಿಗೆ ಊಟಕ್ಕೆ. ನಾನು ಮೇಲೆ, ನನ್ನ ಕೋಣೆಯಲ್ಲಿ, ಗಾಜಿನ ಕಿಟಕಿಯ ಪಕ್ಕ ಕೂತು ಊಟ ಮಾಡುವುದು. ಇವತ್ತು ತಟ್ಟೆಗೆ ಕೈ ಹಾಕಿದೆ, ಕೆಳಗೆ ಒಂದು ಯಂತ್ರ ಓಡುತ್ತಿತ್ತು.

ಒಂದೇ ಒಂದು. ಟಕಟಕಟಕಟಕ... ಆಮೇಲೆ ಎರಡು ಹೊಲಿಗೆ ನಿಧಾನ. ಟಕ್. ಟಕ್.

ಹೆಬ್ಬೆರಳಿನ ಬುಡದಲ್ಲಿ ಹಿಂದಕ್ಕೆ ಎರಡು ಹೊಲಿಗೆ. ನಮ್ಮಲ್ಲಿ ಹಾಗೆ ಹೊಲಿಯುತ್ತಿದ್ದವಳು ಗುಬ್ಬಿ ಒಬ್ಬಳೇ. ಬೇರೆಯವರಿಗೆ ಅಷ್ಟು ತಾಳ್ಮೆ ಇಲ್ಲ. ಅವಳಿಗೆ ಕಲಿಸಿದವಳು ನಾನು. ನನ್ನ ಕೈಯನ್ನು ಅವಳ ಕೈ ಮೇಲಿಟ್ಟು.

ಗಾಜಿನಿಂದ ಬಗ್ಗಿ ನೋಡಿದೆ. ಏಳನೇ ಯಂತ್ರ ಕಂಬದ ಮರೆ. ಅಲ್ಲಿ ಕೂತವರು ಪಕ್ಕಕ್ಕೆ ಬಾಗಿ ಬಾಗಿಲ ಬಳಿಯ ಕೊಕ್ಕೆಯ ಕಡೆ ನೋಡಿದರೆ ಮಾತ್ರ ಇಲ್ಲಿಂದ ಮುಖ ಕಾಣುತ್ತದೆ. ಯಾರೂ ಬಾಗಲಿಲ್ಲ.

ಮೆಟ್ಟಿಲಿಳಿದೆ. ಮಂಡಿ ಕೇಳಬೇಕಲ್ಲ. ಕೆಳಗೆ ತಲುಪುವಷ್ಟರಲ್ಲಿ ಸದ್ದಿಲ್ಲ. ಕುರ್ಚಿ ಖಾಲಿ. ಸೂಜಿಯ ಕೆಳಗೆ ಅರ್ಧ ಹೊಲಿದ ಎಡದ ಕೈಗವಸು. ಯಂತ್ರದ ತಲೆ ಮುಟ್ಟಿದೆ.

ಬೆಚ್ಚಗಿತ್ತು.

ಮಾರ್ಚ್ 5, ಬುಧವಾರ. ಬೆಳಗ್ಗೆ

ಕಾರ್ಮಿಕ ಇಲಾಖೆಯ ನೋಟಿಸು. ಇಪ್ಪತ್ತೊಂದನೇ ತಾರೀಕು ಅಧಿಕಾರಿಣಿ ಬರುತ್ತಾಳಂತೆ. ಕಾರ್ಮಿಕಳ ಸಾವಿನ ವಿಚಾರಣೆ. ಪ್ರಶ್ನೆಗಳನ್ನೂ ಮೊದಲೇ ಕಳಿಸಿದ್ದಾಳೆ, ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ. ಮೊದಲನೆಯದು: ಫೆಬ್ರವರಿ 19ರಂದು ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆಯವರೆಗೆ ಬಿಲ್ಲೆ ಯಾರ ಬಳಿ ಇತ್ತು?

ಬಿಲ್ಲೆ ಎಂದರೆ ಬಾಗಿಲ ಬಳಿಯ ಕೊಕ್ಕೆಯಲ್ಲಿ ನೇತಾಡುವ ಹಿತ್ತಾಳೆ ಬಿಲ್ಲೆ. ಅಂಗೈಯಷ್ಟು ಅಗಲ. ಕೆಲಸದ ಮಧ್ಯೆ ಬಚ್ಚಲಿಗೆ ಹೋಗಬೇಕಾದವರು ಅದನ್ನು ತೆಗೆದುಕೊಂಡು ಹೋಗಿ, ಬಂದು ನೇತುಹಾಕಬೇಕು. ಕೊಕ್ಕೆ ಖಾಲಿ ಇದ್ದರೆ ಯಾರೋ ಹೋಗಿದ್ದಾರೆ ಎಂದರ್ಥ, ಬರುವ ತನಕ ಕಾಯಬೇಕು. ನಲವತ್ತು ವರ್ಷದಿಂದ ನಡೆದು ಬಂದದ್ದು.

ಅಳಿಯ ಬಂದು ಎದುರು ಕೂತ. ಮಾರಾಟವೆಲ್ಲ ಅವನದೇ. ಒಳ್ಳೆಯವನು, ಕೆಲಸಗಾರ, ಆದರೆ ಮಾತಾಡುವಾಗ ನನ್ನ ಮುಖ ನೋಡುವುದಿಲ್ಲ.

"ಅತ್ತೆ, ಹೊರಗಿನ ಕಂಪನಿಯವರೂ ವಿಚಾರಣೆ ಏನಾಗುತ್ತೆ ಅಂತ ಕಾಯ್ತಿದ್ದಾರೆ. ತಪ್ಪು ನಮ್ದು ಅಂತ ಬಂದ್ರೆ ಆರ್ಡರ್ ಕ್ಯಾನ್ಸಲ್. ಆಮೇಲೆ ಇಲ್ಲಿ ಗೇಟು ಮಾತ್ರ ಇರುತ್ತೆ, ಒಳಗೆ ಯಾರೂ ಇರಲ್ಲ."

"ಈಗ ಏನಂತಾರೆ?"

"ಬಲದ ಸಾಲಿನ ಆ ತುತ್ತೂರಿ ಬಿಲ್ಲೆ ಬಚ್ಚಿಟ್ಳು ಅಂತ. ಮೇಸ್ತ್ರಿ ಹಾಗೇ ಬರೆದು ಕೊಟ್ಟಿದ್ದಾನೆ."

"ಅವಳು ಬಚ್ಚಿಟ್ಟಿದ್ದನ್ನ ಅವನು ನೋಡಿದ್ನಾ?"

ಅಳಿಯ ಎದ್ದು ನಿಂತ. "ನನಗೆ ಏನೂ ಹೇಳ್ಬೇಡಿ ಅತ್ತೆ."

ಯಾರಿಗೂ ಹೇಳಿಲ್ಲ. ಇಲ್ಲಿ ಒಮ್ಮೆ ಬರೆಯುತ್ತೇನೆ, ಒಮ್ಮೆಗೇ ಸಾಕು. ಬಿಲ್ಲೆ ನನ್ನ ಡ್ರಾಯರಿನಲ್ಲಿದೆ. ಕನ್ನಡಕದ ಪೆಟ್ಟಿಗೆಯ ಕೆಳಗೆ.

ಅದೇ ದಿನ. ಸಂಜೆ 5

ಒಮ್ಮೆ ಬರೆದರೆ ಸಾಕಾಗಲಿಲ್ಲ.

ಅವತ್ತು ಬೆಳಗ್ಗೆ ಬಚ್ಚಲಿನ ನೀರಿನ ತೊಟ್ಟಿಯ ಹಿಂದೆ ಒಂದು ಕಾಗದ ಸಿಕ್ಕಿತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದು. ಯೂನಿಯನ್ನಿಗೆ ಸಹಿ. ಒಬ್ಬೊಬ್ಬರೇ ನನ್ನ ಬಿಲ್ಲೆ ಹಿಡಿದುಕೊಂಡು ಹೋಗಿ, ನನ್ನ ಬಚ್ಚಲಿನಲ್ಲಿ ಕೂತು, ನನ್ನ ವಿರುದ್ಧ ಸಹಿ ಹಾಕಿ ಬಂದಿದ್ದರು. ಮೂವತ್ತಾರು ಸಹಿ. ಮೇಲಿನದು ತುತ್ತೂರಿಯದು. ಬಲದ ಸಾಲಿನಲ್ಲಿ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದವಳು — ಅವಳ ಗಂಟಲಿಗೆ ಬೇರೆ ಹೆಸರು ಸಲ್ಲದು. ಹನ್ನೊಂದನೆಯದು ಗುಬ್ಬಿಯದು. ಎರಡು ಸಲ ತಿದ್ದಿ ಬರೆದಿದ್ದಳು.

ಊಟದ ಹೊತ್ತಿನಲ್ಲಿ ಇಳಿದು ಹೋಗಿ ಬಿಲ್ಲೆ ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡೆ. ಒಂದು ಮಧ್ಯಾಹ್ನ ಕಟ್ಟಿಹಾಕಿದರೆ ಬುದ್ಧಿ ಬರುತ್ತದೆ ಎಂದು. ಅಷ್ಟೇ. ಸಂಜೆ ವಾಪಸು ಹಾಕುವವಳಿದ್ದೆ.

ಗುಬ್ಬಿಗೆ ನಾಲ್ಕು ದಿನದಿಂದ ಜ್ವರವಿತ್ತಂತೆ. ಮೂತ್ರದ ಸೋಂಕು. ಹೇಳಿರಲಿಲ್ಲ. ನನಗೇನು ಗೊತ್ತು?

ಮೂರು ಸಲ ಕಂಬದ ಆಚೆ ಬಾಗಿದಳು. ಕೊಕ್ಕೆಯ ಕಡೆ. ಮುಖ ಕಂಡಿತು. ನಾನು ಗಾಜಿನ ಹಿಂದೆ ಇದ್ದೆ, ಕೈ ಜೇಬಿನಲ್ಲಿತ್ತು. ನಾಲ್ಕೂವರೆಗೆ ಎದ್ದು ಓಡಿದಳು. ತಲೆ ತಿರುಗಿರಬೇಕು. ಕತ್ತರಿಸುವ ಮೇಜಿನ ಕಬ್ಬಿಣದ ಮೂಲೆ.

ಮೂರು ದಿನ ಆಸ್ಪತ್ರೆ. ಆಮೇಲೆ ಇಲ್ಲ.

ಮಾರನೇ ದಿನವೇ ತುತ್ತೂರಿಯನ್ನು ಗೇಟಿನ ಹೊರಗೆ ಹಾಕಿದೆ. ವಿಚಾರಣೆ ಮುಗಿಯುವ ತನಕ ಬರಬೇಡ ಅಂದೆ. ಅವಳ ಜಾಗಕ್ಕೆ ಹೊಸಬಳು. ಅವಳು ಕಿರುಚಾಡುತ್ತಾಳೆ ಅಂದುಕೊಂಡಿದ್ದೆ. ಒಂದು ಮಾತೂ ಆಡಲಿಲ್ಲ. ಅದನ್ನು ಯೋಚಿಸಿದರೆ ಕಿರುಚಿದ್ದರೇ ಚೆನ್ನಾಗಿತ್ತು.

ಮಾರ್ಚ್ 7, ಶುಕ್ರವಾರ

ನಿನ್ನೆಯೂ ಯಂತ್ರ ಓಡಿತು. ಇವತ್ತೂ. ನಾನು ಇಳಿಯಲಿಲ್ಲ. ರೇಡಿಯೋ ಜೋರು ಮಾಡಿಕೊಂಡೆ.

ಬುಟ್ಟಿ ಖಾಲಿ.

ಮಾರ್ಚ್ 9, ಭಾನುವಾರ. ಬೆಳಗ್ಗೆ 10

ಮೊಮ್ಮಗಳು ರಜೆಗೆ ಬಂದಿದ್ದಾಳೆ. ಕಾನೂನು ಓದುತ್ತಾಳೆ. ಓದಿದ ಕಾನೂನನ್ನೆಲ್ಲ ನನ್ನ ಮೇಲೆ ಪ್ರಯೋಗ ಮಾಡುವುದು ಅವಳ ರಜೆ. ವ್ಯಾಪಾರಿಗಳ ಸಂಘ ಹೊಸ ಕಾಯಿದೆಯ ವಿರುದ್ಧ ಸಭೆ ಕರೆದಿದೆ, ನಾನು ಮುಖ್ಯ ಭಾಷಣ ಮಾಡಬೇಕು. ವಿರಾಮ, ಬಚ್ಚಲು, ಯೂನಿಯನ್ — ಎಲ್ಲಕ್ಕೂ ಕಾಯಿದೆ ಬರುತ್ತದಂತೆ. ಆಮಂತ್ರಣ ಪತ್ರ ಅವಳ ಕೈಗೆ ಸಿಕ್ಕಿತು.

"ಅಜ್ಜಿ, ಈ ಕಾಯಿದೆ ಬಗ್ಗೆ ನಿನಗೆ ಏನನ್ಸುತ್ತೆ?"

"ಸರಕಾರ ನನ್ನ ಬಚ್ಚಲಿಗೂ ಬರೋಕೆ ಹೊರಟಿದೆ ಅನ್ಸುತ್ತೆ."

"ನೀನು ಅವರ ಬಚ್ಚಲಿಗೆ ಹೋಗಿರ್ಲಿಲ್ವಾ? ಕಾಗದ ಹುಡುಕೋಕೆ?"

ಕಾಗದದ ವಿಷಯ ಇವಳಿಗೆ ಯಾರು ಹೇಳಿದರು? ಮೇಸ್ತ್ರಿಯೇ ಇರಬೇಕು. ಅವನ ನಾಲಿಗೆಗೆ ಮೊದಲೇ ಎಲುಬಿಲ್ಲ.

ಸಿಟ್ಟು ಬಂತು. ಹೇಳಿದೆ. ಗಂಡನನ್ನು ಬಿಟ್ಟು ಬಂದವಳಿಗೆ ಈ ಊರಿನಲ್ಲಿ ಯಾರೂ ಕೆಲಸ ಕೊಡದಿದ್ದಾಗ ಕೊಟ್ಟವಳು ನಾನು. ಅವನು ಗೇಟಿಗೆ ಬಂದು ಅವಳ ಸಂಬಳ ಕೇಳಿದಾಗ ಅಳತೆಕೋಲಿನಲ್ಲಿ ಬಾರಿಸಿದವಳು ನಾನು. ಜೈಲಿನಿಂದ ಬಂದವಳನ್ನು ಕೂರಿಸಿಕೊಂಡೆ. ಆ ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ಗಂಡ-ಹೆಂಡಿರ ಹಾಗಿದ್ದಾರೆ, ತೆಗೆದುಹಾಕಿ ಎಂದು ಬೀದಿಯವರೆಲ್ಲ ಬಂದು ನಿಂತಾಗ ಏನಂದೆ? ಕೈಗವಸಿಗೆ ಅದೆಲ್ಲ ಗೊತ್ತಾಗಲ್ಲ, ಹೋಗಿ ಅಂದೆ. ವ್ಯಾಪಾರ ಯಾರ ಮನೆತನವನ್ನೂ ಕೇಳುವುದಿಲ್ಲ. ಸ್ವಾತಂತ್ರ್ಯ ಸ್ವಾತಂತ್ರ್ಯ ಎಂದು ಮೈಕಿನಲ್ಲಿ ಕೂಗಿದವರು ಒಬ್ಬಳಿಗಾದರೂ ಅನ್ನದ ದಾರಿ ತೋರಿಸಿದ್ದಾರಾ? ನಾನು ನಲವತ್ತೆರಡು ಜನಕ್ಕೆ ತೋರಿಸಿದ್ದೇನೆ.

ಪೂರ್ತಿ ಕೇಳಿಸಿಕೊಂಡಳು. ಆ ಗುಣ ಅವಳ ಅಮ್ಮನಿಗೆ ಇಲ್ಲ.

"ಎಲ್ಲಾ ನಿಜ ಅಜ್ಜಿ. ಗೇಟಿನ ಹೊರಗೆ ಅವರು ಏನಾಗಿದ್ರೂ ನಿನಗೆ ಪರವಾಗಿಲ್ಲ. ಯಾರ ಜೊತೆಗಾದ್ರೂ ಇರ್ಲಿ, ಯಾರನ್ನಾದ್ರೂ ಬಿಡ್ಲಿ. ಆದರೆ ಒಳಗೆ?"

"ಒಳಗೆ ನಾನಿದ್ದೀನಲ್ಲ."

"ಅದೇ ನಾನು ಹೇಳ್ತಿರೋದು."

ಆಮೇಲೆ ನಗುತ್ತಾ ಅಂದಳು, "ಊರಿಗೆ ಉಪಕಾರಿ, ಮನೆಗೆ ಮಾರಿ." ನಾನು ಕಲಿಸಿದ ಗಾದೆ. ತಲೆಗೊಂದು ಮೊಟಕಿದೆ. ನಾನೂ ನಕ್ಕೆ. ನಕ್ಕಿದ್ದು ಸಾಲಲಿಲ್ಲವೇನೋ, ಅವಳು ನನ್ನನ್ನೇ ನೋಡುತ್ತಿದ್ದಳು.

ಮಾರ್ಚ್ 10

ಬರೆಯಲು ಏನೂ ಇಲ್ಲ. ಬುಟ್ಟಿ ಖಾಲಿ.

ಮಾರ್ಚ್ 14, ಶುಕ್ರವಾರ. ಬೆಳಗ್ಗೆ 8

ಡ್ರಾಯರು ತೆರೆದೆ. ಬಿಲ್ಲೆ ಇಲ್ಲ.

ಕನ್ನಡಕದ ಪೆಟ್ಟಿಗೆ ಇದೆ, ರಸೀತಿಗಳಿವೆ, ಹಳೆಯ ಸೂಜಿಗಳ ಡಬ್ಬಿ ಇದೆ. ಅದಿಲ್ಲ. ಹಾಸಿಗೆ ಮಗುಚಿದೆ. ಕಪಾಟು ಜಾಲಾಡಿದೆ. ಮೊಮ್ಮಗಳು ತೆಗೆದಳೇ? ಅಳಿಯ?

ಮೇಸ್ತ್ರಿ ಬಾಗಿಲಲ್ಲಿ ನಿಂತು ಇವತ್ತಿನ ಚರ್ಮದ ಬಗ್ಗೆ ಕೇಳುತ್ತಿದ್ದ. ಸುಮ್ಮನೆ ಮಾತಿಗೆ ಅಂದ, "ಆ ಬಿಲ್ಲೆ ತೆಗೆದೋರ ಕೈಗೆ ಹುಳ ಬೀಳ್ಲಿ ಅಮ್ಮ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಏಪ್ರನ್ ಜೇಬಿಗೆ ಹೋಯಿತು.

ಅಲ್ಲಿತ್ತು. ತಣ್ಣಗೆ.

ಯಾವಾಗ ಹಾಕಿಕೊಂಡೆ? ಯಾಕೆ? ನೆನಪಿಲ್ಲ. ಮೇಸ್ತ್ರಿ ನನ್ನ ಕೈಯನ್ನೇ ನೋಡಿದ. ಆಮೇಲೆ ಕೆಳಗೆ ಇಳಿದು ಹೋದ.

ಮಾರ್ಚ್ 16, ಭಾನುವಾರ. ಮಧ್ಯಾಹ್ನ 3

ಸಭೆಯಿಂದ ಬಂದೆ. ಹಾಲ್ ತುಂಬಿತ್ತು. ಇದೇ ಸಂಘ ಒಂದು ಕಾಲದಲ್ಲಿ ಹೆಂಗಸಿನ ಹೆಸರಿಗೆ ಸದಸ್ಯತ್ವ ಕೊಡುವುದಿಲ್ಲ ಎಂದಿತ್ತು. ಹನ್ನೊಂದು ದಿನ ಇದೇ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದೆ, ಕಂಕುಳಲ್ಲಿ ಮಗಳು. ಹನ್ನೆರಡನೇ ದಿನ ಬಾಗಿಲು ತೆರೆದರು. ಈಗ ಹೂಗುಚ್ಛ.

ಕಾರ್ಯದರ್ಶಿ ಕಿವಿಯಲ್ಲಿ ಅಂದ, "ಅಮ್ಮಾ, ಆ ಬಿಲ್ಲೆ ಕಥೆ ಮರೀಬೇಡಿ. ಜನ ಅದಕ್ಕೇ ಕಾಯ್ತಿದ್ದಾರೆ."

ಹೇಳಿದೆ. ಎಷ್ಟು ಸಲ ಹೇಳಿದ್ದೇನೋ. ಹದಿನೇಳನೇ ವಯಸ್ಸಿಗೆ, ಹತ್ತನೇ ತರಗತಿ ಮುಗಿಸಿ, ಬೇರೆಯವರ ಕಾರ್ಖಾನೆಗೆ ಹೊಲಿಗೆಗೆ ಸೇರಿದ್ದು. ಅಲ್ಲಿ ಬಚ್ಚಲಿಗೆ ಹೋಗಬೇಕಾದರೆ ಕೈ ಎತ್ತಿ ಮಾಸ್ಟರನ್ನು ಕೇಳಬೇಕಿತ್ತು. ಅವನು ಇಡೀ ಹಾಲಿಗೆ ಕೇಳುವ ಹಾಗೆ, "ಒಂದೋ ಎರಡೋ?" ಅನ್ನುತ್ತಿದ್ದ. ಗಂಡಸರು ನಗುತ್ತಿದ್ದರು. ನಾವು ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ನನ್ನದೇ ಗೇಟು ಆದ ದಿನ ಮೊದಲು ಮಾಡಿಸಿದ್ದು ಯಂತ್ರವಲ್ಲ, ಆ ಹಿತ್ತಾಳೆ ಬಿಲ್ಲೆ. ಕೊಕ್ಕೆಗೆ ಹಾಕಿ ಹೇಳಿದೆ: ಇನ್ನು ಮೇಲೆ ಯಾರೂ ಯಾರನ್ನೂ ಕೇಳಬೇಕಿಲ್ಲ. ತಗೋ, ಹೋಗು, ಬಾ. ಯಾವ ಕಾಯಿದೆ ಮಾಡಿತ್ತು ಅದನ್ನು? ಯಾವ ಸರಕಾರ? ಒಬ್ಬ ಮಾಲೀಕಳು ಮಾಡಿದಳು. ಅವಳಿಗೆ ಸ್ವಾತಂತ್ರ್ಯ ಇದ್ದದ್ದರಿಂದ ಮಾಡಿದಳು.

ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ಕಷ್ಟ.

ಕಾರ್ಯದರ್ಶಿ ಮೈಕಿನಲ್ಲೇ ಅಂದ, "ಆ ಬಿಲ್ಲೆ ತಂದಿದ್ರೆ ನಾವೂ ಒಂದ್ಸಲ ಕಣ್ತುಂಬ ನೋಡ್ತಿದ್ವಿ!"

ಕೈ ಕೋಟಿನ ಜೇಬಿನಲ್ಲಿತ್ತು. ಬಿಲ್ಲೆಯ ತೂತಿನಲ್ಲಿ ಬೆರಳು ಸಿಕ್ಕಿಕೊಂಡಿತ್ತು.

"ಕೊಕ್ಕೆಯಲ್ಲಿದೆ," ಅಂದೆ.

ಇಷ್ಟು ದಿನ ಸುಮ್ಮನಿದ್ದೆ, ಅಷ್ಟೇ. ಇವತ್ತು ಬಾಯಿಬಿಟ್ಟು ಹೇಳಿದೆ. ಇನ್ನೂರು ಜನರ ಮುಂದೆ.

ಮಾರ್ಚ್ 18, ಮಂಗಳವಾರ. ಸಂಜೆ 6-30

ಇದನ್ನು ಬರೆಯಬಾರದು. ಬರೆಯುತ್ತೇನೆ.

ಒಂದಕ್ಕೆ ಹತ್ತು ನಿಮಿಷ ಮುಂಚೆಯೇ ಇಳಿದು ಚರ್ಮದ ಗಂಟುಗಳ ಹಿಂದೆ ಕೂತೆ. ಅರವತ್ತೆಂಟನೇ ವಯಸ್ಸಿನಲ್ಲಿ ಕಣ್ಣಾಮುಚ್ಚಾಲೆ. ಸೈರನ್ ಆಯಿತು. ಎಲ್ಲರೂ ಹೋದರು. ದೀಪ ಆರಿತು. ಹಿಂದಿನ ಬಾಗಿಲು ಕಿರ್ ಎಂದಿತು. ಕಾವಲುಗಾರನ ಕೆಮ್ಮು. ಹೆಜ್ಜೆ. ಏಳನೇ ಕುರ್ಚಿ ಎಳೆದ ಸದ್ದು.

ಟಕಟಕಟಕ... ಟಕ್. ಟಕ್.

ಎದ್ದು ನಿಂತೆ. ಕೂತಿದ್ದವಳು ತುತ್ತೂರಿ.

ಬೆಚ್ಚಲಿಲ್ಲ. ದಾರ ಕತ್ತರಿಸಿ ಕೈಗವಸನ್ನು ಪಕ್ಕಕ್ಕಿಟ್ಟಳು. "ಬನ್ನಿ ಅಮ್ಮ. ಹೋದ ವಾರವೇ ಬರ್ತೀರಿ ಅಂದ್ಕೊಂಡಿದ್ವಿ."

"ಗೇಟಿನ ಒಳಗೆ ಬರಬೇಡ ಅಂದಿದ್ದೆ ನಿನಗೆ."

"ಗೇಟಿನಿಂದ ಬಂದಿಲ್ವಲ್ಲ. ಹಿತ್ತಲ ಬಾಗಿಲಿಂದ ಬಂದೆ."

"ಏನಿದು ನಾಟಕ? ಸತ್ತವಳ ಯಂತ್ರದಲ್ಲಿ ಕೂತು?"

"ನಿಮ್ಮ ರೂಲಿಗೇ ಮಾಡ್ತಿರೋದು. ಒಬ್ರು ಹೋದ್ಮೇಲೆ ಒಂಟಿ ಬುಟ್ಟಿ ತುಂಬಿದ್ರೆ ಕುರ್ಚಿ ಬೇರೆಯವರಿಗೆ, ಖಾಲಿ ಇದ್ರೆ ಆ ಮನೆಯವರಿಗೇ ಅಂತ ಹೇಳಿದೋರು ಯಾರು? ಅವಳ ತಂಗಿ ತಿಂಗಳ ಕೊನೆಗೆ ಬರ್ತಾಳೆ. ಅಲ್ಲೀವರೆಗೆ ಅಕ್ಕನ ಕುರ್ಚಿ ಆರಬಾರ್ದು. ಎಡದ ಸಾಲಿನೋರು ಒಬ್ಬೊಬ್ರು ಒಂದೋ ಎರಡೋ ಹೆಚ್ಚಿಗೆ ಹೊಲೀತಾರೆ. ಉಳಿದಿದ್ದು ನಾನು."

"ಸಂಬಳ ಇಲ್ಲದೆ?"

"ಸಂಬಳ ಕೊಟ್ಟು ಹೊರಗೆ ಹಾಕ್ತಾರಾ ಯಾರಾದ್ರೂ?"

ಅಲ್ಲಿಯೂ ಜೋಕು. ನಗು ಬರಲಿಲ್ಲ, ಇಬ್ಬರಿಗೂ.

"ಆ ಎರಡು ಹೊಲಿಗೆ ಯಾರು ಕಲಿಸಿದ್ದು ನಿನಗೆ?"

"ಗುಬ್ಬಿ. ಎಲ್ರಿಗೂ ಕಲಿಸಿದ್ಲು. ಬಚ್ಚಲ ಮುಂದೆ ಕಾಯುವಾಗ, ಬೆರಳ ಮೇಲೆ ತೋರಿಸಿ. ಅಮ್ಮ ಕಲಿಸಿದ್ದು ಅಂತ ಜಂಭ ಅವಳಿಗೆ."

ಆಮೇಲೆ ಕೇಳಿದೆ. "ಬಿಲ್ಲೆ ನಾನು ತೆಗೆದಿಲ್ಲ ಅಂತ ಅವತ್ತು ಯಾಕೆ ಜಗಳ ಆಡಲಿಲ್ಲ? ನಿನ್ನ ಗಂಟಲು ಎಲ್ಲಿ ಹೋಗಿತ್ತು?"

"ಯಾರ ಹತ್ರ ಆಡ್ಲಿ ಅಮ್ಮ? ಕೆಳಗಿರೋ ಎಲ್ರಿಗೂ ಗೊತ್ತು ನಾನಲ್ಲ ಅಂತ." ಕಣ್ಣೆತ್ತಿ ಗಾಜಿನ ಕಿಟಕಿ ನೋಡಿದಳು. "ಮೇಲಿರೋರಿಗೆ ನಾನ್ಯಾಕೆ ಹೇಳ್ಬೇಕು?"

"ಏಳು," ಅಂದೆ.

ಎದ್ದಳು. ಹೊರಗೆ ಕಳಿಸುತ್ತೇನೆ ಅಂದುಕೊಂಡಿರಬೇಕು. ನಾನು ಕುರ್ಚಿಯಲ್ಲಿ ಕೂತೆ. ಮುಂದಿನ ಚರ್ಮ ತೆಗೆದುಕೊಂಡೆ. ಸೂಜಿಗೆ ಕೊಟ್ಟೆ. ತುತ್ತೂರಿ ಬಂದ ಬಾಗಿಲಿಂದಲೇ ಹೋದಳು.

ಯಾಕೆ ಕೂತೆ? ಹಟಕ್ಕೆ. ನನ್ನ ಕಾರ್ಖಾನೆಯಲ್ಲಿ ಸತ್ತವಳ ಪಾಲನ್ನು ಹೊರಗಿನವಳು ಕದ್ದು ಹೊಲಿಯುವುದಾದರೆ ನಾನು ಬಹಿರಂಗವಾಗಿ ಹೊಲಿಯುತ್ತೇನೆ ಎಂದು. ಒಂದೂವರೆಗೆ ಎಲ್ಲರೂ ಬಂದರು. ನೋಡಿದರು. ಸಾಲು ಸಾಲಾಗಿ ಕೂತು ಶುರು ಮಾಡಿದರು. ಏಳಲು ಆಗಲಿಲ್ಲ. ಎದ್ದರೆ ಸೋತ ಹಾಗೆ.

ಮೂರಕ್ಕೆ ಬಚ್ಚಲಿಗೆ ಹೋಗಬೇಕೆನಿಸಿತು. ರಕ್ತದೊತ್ತಡದ ಮಾತ್ರೆ — ಅದನ್ನು ತಿಂದರೆ ತಾಸಿಗೊಮ್ಮೆ ಬೇಕು.

ಬಿಲ್ಲೆ ಹೋದ ಮೇಲೆ ಇಲ್ಲಿ ಏನು ಮಾಡುತ್ತಾರೆ ಎಂದು ನಾನು ಕೇಳಿರಲಿಲ್ಲ. ಇವತ್ತು ನೋಡಿದೆ. ಕೈ ಎತ್ತುತ್ತಾರೆ. ಮೇಸ್ತ್ರಿ ತಲೆಯಾಡಿಸುತ್ತಾನೆ. ಪಾಪದವನು, "ಒಂದೋ ಎರಡೋ" ಅನ್ನುವುದಿಲ್ಲ. ಆದರೆ ಕೈ ಎತ್ತುತ್ತಾರೆ.

ನನ್ನ ಜೇಬಿನಲ್ಲಿ ಬಿಲ್ಲೆ ತೊಡೆಗೆ ಒತ್ತುತ್ತಿತ್ತು. ಸುಮ್ಮನೆ ಎದ್ದು ಹೋಗಬಹುದಿತ್ತು, ಮಾಲೀಕಳು ನಾನು. ನಲವತ್ತೊಂದು ಜನ ತಲೆ ತಗ್ಗಿಸಿ ಹೊಲಿಯುತ್ತಿದ್ದರು, ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಅದಕ್ಕೇ ಏಳಲಾಗಲಿಲ್ಲ. ಕೈ ಎತ್ತಲೂ ಆಗಲಿಲ್ಲ.

ಪಕ್ಕಕ್ಕೆ ಬಾಗಿದೆ. ಕಂಬದ ಆಚೆ. ಕೊಕ್ಕೆಯ ಕಡೆ.

ಕೊಕ್ಕೆ ಖಾಲಿ. ಅದರ ನೇರ ಮೇಲೆ ಗಾಜಿನ ಕಿಟಕಿ. ಹಗಲಿನಲ್ಲಿ ಕೆಳಗಿನಿಂದ ಗಾಜು ಹೊಳೆಯುತ್ತದೆ, ಒಳಗಿರುವವರು ಕಾಣುವುದಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ. ನನ್ನ ಕುರ್ಚಿ ಕಂಡಿತು. ಅದರ ಬೆನ್ನಿಗೆ ಹಾಕಿದ್ದ ಶಾಲು ಕಂಡಿತು. ಮೇಜಿನ ಮೇಲಿನ ಈ ಪುಸ್ತಕ ಕೂಡ.

ಮೂರು ಸಲ ಬಾಗಿದ್ದಳು. ಕೊಕ್ಕೆಯ ಕಡೆ ಅಂದುಕೊಂಡಿದ್ದೆ.

ಅವಳಿಗೆ ನಾನು ಕಾಣುತ್ತಿದ್ದೆ.

ಐದಕ್ಕೆ ಸೈರನ್. ತಡವಾಗಿತ್ತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಎದ್ದರು, ನಾನು ಕೂತೇ ಇದ್ದೆ. ಯಾರೋ ಹಿಂದಿನಿಂದ ಬಂದು ತಮ್ಮ ಕೋಟನ್ನು ನನ್ನ ಸೊಂಟಕ್ಕೆ ಸುತ್ತಿ, ತೋಳುಗಳನ್ನು ಮುಂದೆ ಗಂಟು ಹಾಕಿದರು. ಮಗುವಿಗೆ ಕಟ್ಟುವ ಹಾಗೆ. ತಿರುಗಿ ನೋಡಲಿಲ್ಲ. ಅವರೂ ಮುಖ ತೋರಿಸಲಿಲ್ಲ.

ಬುಟ್ಟಿ ಖಾಲಿ. ಇವತ್ತಿನ ನಲವತ್ತರಲ್ಲಿ ಹದಿನಾಲ್ಕು ನಾನು ಹೊಲಿದವು.

ಮಾರ್ಚ್ 20, ಗುರುವಾರ. ಸಂಜೆ 4

ಅಳಿಯ ಹೇಳಿಕೆ ಟೈಪ್ ಮಾಡಿಸಿ ತಂದ. ಬಿಲ್ಲೆ ಅಂದು ಬೆಳಗ್ಗೆ ಎಂದಿನಂತೆ ಕೊಕ್ಕೆಯಲ್ಲೇ ಇತ್ತು. ಕಾರ್ಮಿಕಳೊಬ್ಬಳು ದುರುದ್ದೇಶದಿಂದ ತೆಗೆದಿರುವ ಶಂಕೆ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ತುತ್ತೂರಿ ಗತಿ?"

"ಬೇರೆ ಕಡೆ ಕೆಲಸ ನೋಡ್ಕೋತಾಳೆ."

"ಬಿಲ್ಲೆ ಕದ್ದು ಒಬ್ಬಳ ಜೀವ ತೆಗೆದಳು ಅಂತ ಹೆಸರು ಬಂದ ಮೇಲೆ ಯಾರು ಕೊಡ್ತಾರೆ?"

"ಅತ್ತೆ." ಇವತ್ತು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. "ಒಬ್ಬಳ ಹೆಸರೋ, ನಲವತ್ತೊಂದು ಜನರ ಒಲೆಯೋ? ನೀವೇ ಹೇಳ್ತಿದ್ರಲ್ಲ, ಗೇಟು ತೆರೆದಿದ್ರೆ ತಾನೇ ಸ್ವಾತಂತ್ರ್ಯ ಅಂತ. ಗೇಟು ಮುಚ್ಚಿದ್ರೆ ಆ ಗಂಡ ಬಿಟ್ಟೋಳು ಎಲ್ಲಿಗೆ ಹೋಗ್ತಾಳೆ? ಆ ಇಬ್ರು ಎಲ್ಲಿಗೆ ಹೋಗ್ತಾರೆ?"

ಅವನು ತಪ್ಪು ಹೇಳಲಿಲ್ಲ. ನನ್ನ ಮಾತನ್ನೇ ನನಗೆ ಹೇಳಿದ. ಇಷ್ಟು ವರ್ಷ ಅದು ನನ್ನ ಬಾಯಲ್ಲಿ ಎಷ್ಟು ಚೆನ್ನಾಗಿತ್ತು.

ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ. ವಾದ ಮಾಡುತ್ತಾಳೆ ಅಂದುಕೊಂಡೆ. "ಅಜ್ಜಿ, ನೀರು ಕುಡೀತೀಯಾ?" ಅಂದಳು ಅಷ್ಟೇ. ತಂದುಕೊಟ್ಟಳು. ಕುಡಿದೆ. ಎರಡು ಲೋಟ.

ಸಹಿ ಹಾಕಿಲ್ಲ. ಹರಿದೂ ಇಲ್ಲ.

ಮಾರ್ಚ್ 21, ಶುಕ್ರವಾರ. ಬೆಳಗ್ಗೆ 9-40

ಕೋಟು ಒಗೆದು, ಇಸ್ತ್ರಿ ಹಾಕಿ, ಮಡಿಸಿ ಒಂಟಿ ಬುಟ್ಟಿಯಲ್ಲಿಟ್ಟು ಬಂದೆ. ಯಾರದೋ ಅವರು ತೆಗೆದುಕೊಳ್ಳಲಿ.

ಎಂಟು ಗಂಟೆಗೆ ಬಿಲ್ಲೆ ಹಿಡಿದು ಕೊಕ್ಕೆಯ ಮುಂದೆ ನಿಂತೆ. ಹಾಕಲು ಕೈ ಬರಲಿಲ್ಲ. ಈಗ ಹಾಕಿದರೆ ಅದು ಇನ್ನೊಂದು ಸುಳ್ಳು. ಸಿಕ್ಕಿತು ಅಂತಾರೆ, ಎಲ್ಲಿತ್ತು ಅನ್ನುವುದಿಲ್ಲ. ಕೈಯಲ್ಲೇ ಇಟ್ಟುಕೊಂಡಿದ್ದೇನೆ. ಬರೆಯುವ ಈ ಕೈಯಲ್ಲಲ್ಲ, ಇನ್ನೊಂದರಲ್ಲಿ.

ಹೇಳಿಕೆ ಮೇಜಿನ ಮೇಲಿದೆ. ಟೈಪ್ ಮಾಡಿದ ನನ್ನ ಹೆಸರು ಎಷ್ಟು ಗಂಭೀರವಾಗಿ ಕಾಣುತ್ತದೆ.

ಗೇಟು ಮುಚ್ಚಬಹುದು. ಮುಚ್ಚದೆಯೂ ಇರಬಹುದು. ಅದು ನನ್ನ ಕೈಯಲ್ಲಿಲ್ಲ ಎಂದು ಬರೆದು ನೋಡಿದೆ. ಇಂಥ ಮಾತು ಈ ಪುಸ್ತಕದಲ್ಲಿ ಇದೇ ಮೊದಲು.

ಅಧಿಕಾರಿಣಿಯ ಕಾರು ಬಂತು. ಹುಡುಗಿಯ ಹಾಗಿದ್ದಾಳೆ, ಕೈಯಲ್ಲಿ ಫೈಲು. ಯಂತ್ರ ನಿಲ್ಲಿಸಿ ಎಲ್ಲರನ್ನೂ ಅಂಗಳಕ್ಕೆ ಕರೆಸಿದ್ದಾಳೆ. ಆ ಕಡೆಯ ಕಿಟಕಿಯಿಂದ ನೋಡಿದೆ. ಎರಡು ಸಾಲಿನವರೂ ಇದ್ದಾರೆ. ತುತ್ತೂರಿ ಗೇಟಿನ ಆಚೆ ನಿಂತಿದ್ದಾಳೆ, ಕಂಬಿ ಹಿಡಿದು. ಮೇಸ್ತ್ರಿ, ಕಾವಲುಗಾರ, ಅಳಿಯ, ಮೊಮ್ಮಗಳು. ಒಬ್ಬೊಬ್ಬರನ್ನೇ ಎಣಿಸಿದೆ. ಮತ್ತೆ ಎಣಿಸಿದೆ. ಕೆಳಗೆ ಒಳಗೆ ಯಾರೂ ಇಲ್ಲ.

ಯಂತ್ರ ಓಡುತ್ತಿದೆ.

ಟಕಟಕಟಕ. ಎರಡು ನಿಧಾನ.

ಇರಲಿ. ಹೊಲಿಯಲಿ. ಗಾಜಿನ ಹತ್ತಿರ ಹೋಗಿ ನಿಂತೆ, ಅವಳು ಬಾಗಿದರೆ ಕಾಣಲಿ ಎಂದು. ಅಂಗೈ ತೆರೆದು ಗಾಜಿಗೆ ಹಿಡಿದೆ. ಬಿಲ್ಲೆಯ ಸಮೇತ.

ಮೆಟ್ಟಿಲಲ್ಲಿ ಹೆಜ್ಜೆ. ಮೇಲೆ ಬರುತ್ತಿದ್ದಾರೆ. ಹೊತ್ತಿಲ್ಲ. ನಾಲಿಗೆಗೆ ಅಭ್ಯಾಸ ತಪ್ಪಿದೆ, ಇಲ್ಲಿ ಒಮ್ಮೆ ಬರೆದು ಕಲಿಯುತ್ತೇನೆ.

ಪ್ರಶ್ನೆ ಒಂದು. ಬಿಲ್ಲೆ ಯಾರ ಬಳಿ ಇತ್ತು?

ಉತ್ತರ: ನನ್ನ